ಇನ್ನೂರು ಸೀಟಿನ ಪತ್ರ

ಕಾಲೇಜಿನ ಹಿರಿಯ ಗುಮಾಸ್ತರಿಗೆ ಒಕ್ಕಣೆರಾಯರೆಂಬ ಹೆಸರು ಬಿದ್ದದ್ದು ಅವರ ಪತ್ರ ಬರೆಯುವ ಚಟದಿಂದ. ಅರ್ಧ ದಿನದ ರಜೆ ಕೇಳಿದರೂ ಅದಕ್ಕೊಂದು ಪೀಠಿಕೆ, ಮೂರು ಪ್ಯಾರಾ, ಕೊನೆಗೆ ಸವಿನಯ ಪ್ರಾರ್ಥನೆ. ಮೂವತ್ತು ವರ್ಷದಲ್ಲಿ ಅವರ ಒಂದು ಪತ್ರಕ್ಕೂ ಸರ್ಕಾರ ಸೊಪ್ಪು ಹಾಕಿರಲಿಲ್ಲ.

ಹಾಗಾಗಿ, ಇನ್ನೂರು ಸೀಟು ಹೆಚ್ಚಿಸಿರೆಂದು ಬರೆದ ನಾಲ್ಕು ಪುಟಕ್ಕೆ ‘ಒಪ್ಪಿದೆ’ ಎಂಬ ಆದೇಶ ಬಂದಾಗ ರಾಯರ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಪ್ರಿನ್ಸಿಪಾಲರು ಬೆನ್ನು ತಟ್ಟಿದರು. ಸಂಜೆ ಆದೇಶವನ್ನು ತಂಗಿಯ ಮನೆಗೂ ಒಯ್ದು ಓದಿ ಹೇಳಿದರು. ಗಂಡನಿಲ್ಲದ ತಂಗಿ ಊರವರ ಬಟ್ಟೆಗೆ ಇಸ್ತ್ರಿ ಉಜ್ಜುತ್ತಲೇ ಕೇಳಿಸಿಕೊಂಡಳು. ಅವಳ ಮಗಳು ಸರ್ಕಾರದ ಸಹಾಯಧನದಿಂದ ಅದೇ ಕಾಲೇಜಿನಲ್ಲಿ ಎರಡನೇ ವರ್ಷ ಓದುತ್ತಿದ್ದಳು.

ಆದೇಶದ ಎರಡನೇ ಪುಟವನ್ನು ರಾಯರು ಓದಲಿಲ್ಲ. ನಾವು ಬರೆದದ್ದನ್ನು ಹತ್ತು ಸಲ ಓದಿ, ಬೇರೆಯವರದನ್ನು ಅರ್ಧಕ್ಕೇ ಬಿಡುವುದು ಬರೆಯುವವರೆಲ್ಲರ ರೋಗ. ಅಲ್ಲಿತ್ತು: ಸಹಾಯಧನದ ಮೊತ್ತ ಹೋದ ವರ್ಷದ್ದೇ, ಹೊಸಬರನ್ನೂ ಸೇರಿಸಿ, ತೀರ ಬಡವರಿಂದ ಶುರುಮಾಡಿ, ಮುಗಿಯುವ ತನಕ ಕೊಡತಕ್ಕದ್ದು.

ಪಟ್ಟಿ ತಯಾರಿಸಿದ್ದೂ ರಾಯರೇ. ಹಣ ಮುಗಿದಾಗ ತಂಗಿಯ ಮಗಳು ಇನ್ನೂ ಹನ್ನೊಂದು ಹೆಸರು ಕೆಳಗಿದ್ದಳು. ಮೇಲಿನವರಲ್ಲಿ ಯಾರಾದರೂ ಸುಳ್ಳು ಹೇಳಿರಬಹುದೆಂದು ಒಂದೊಂದೇ ಅರ್ಜಿ ಕೆದಕಿದರು. ಸಿಕ್ಕಿದ್ದೆಲ್ಲ ತಂಗಿಗಿಂತ ದಿಕ್ಕಿಲ್ಲದ ಮನೆಗಳು. ಬೈಯಲಿಕ್ಕೂ ಒಬ್ಬರು ಸಿಗಲಿಲ್ಲ. ಇಲಾಖೆಗೆ ಏಳು ಪುಟ ಬರೆದರು, ಉತ್ತರ ಬರಲಿಲ್ಲ. ಫೀಸು ತಾವೇ ಕಟ್ಟುವುದಾಗಿ ಹೇಳಿದರೆ ತಂಗಿ ಒಪ್ಪಲಿಲ್ಲ.

“ನಿನ್ನ ಮಕ್ಕಳ ಫೀಸಿಗೇ ಅತ್ತಿಗೆ ಬಳೆ ಬಿಚ್ಚಿಕೊಟ್ಟಿದಾಳೆ. ಸುಮ್ನಿರಣ್ಣ.”

ಸೋಮವಾರ ಹುಡುಗಿ ಕಚೇರಿಯ ಕಿಟಕಿಗೆ ಬಂದಳು. ಬಟ್ಟೆ ಅಂಗಡಿಯಲ್ಲಿ ಕೆಲಸ ಸಿಕ್ಕಿದೆ, ಟಿ.ಸಿ. ಬೇಕು ಎಂದಳು. ರಾಯರು ಹೆಸರು, ತರಗತಿ ಎಲ್ಲ ತುಂಬಿದರು. ‘ಬಿಡಲು ಕಾರಣ’ ಎಂಬಲ್ಲಿ ಪೆನ್ನು ನಿಂತಿತು.

“ಏನಂತ ಬರೀಲಿ, ಮಗಳೇ?”

“ಸ್ವಂತ ಕಾರಣ ಅಂತ ಹಾಕಿ, ಮಾಮ. ಎಲ್ರಿಗೂ ಹಾಗೇ ಹಾಕ್ತೀರಲ್ಲ.” ಮತ್ತೆ ಹೇಳಿದಳು: “ಹೊಸದಾಗಿ ಬಂದಿರೋ ಒಬ್ಬಳಿಗೆ ನನ್ನ ಹೋದ ವರ್ಷದ ನೋಟ್ಸ್ ಕೊಟ್ಟಿದೀನಿ. ಚೆನ್ನಾಗಿ ಓದ್ತಾಳೆ, ಪಾಪ.”

ರಾಯರು ಬರೆದು, ಮೊಹರು ಒತ್ತಿ ಕೊಟ್ಟರು. ಶಾಯಿ ಆರಲೆಂದು ಕಾಗದವನ್ನು ಗಾಳಿಗೆ ಆಡಿಸುತ್ತ ಅವಳು ಅಂಗಳ ದಾಟುವವರೆಗೂ ನೋಡಿದರು. ಆಮೇಲೆ, ಬೆಳಗಿನ ಹನ್ನೊಂದಕ್ಕೇ ‘ಊಟದ ವಿರಾಮ’ ಎಂಬ ಫಲಕ ತಗುಲಿಹಾಕಿ, ಕಿಟಕಿ ಎಳೆದುಕೊಂಡು, ಒಳಗೆ ಕುಳಿತು ಅತ್ತರು.