ಕೂಸಿಲ್ಲದ ಬಾಣಂತಿ

ಎರಡೂ ಕೈಗೆ ಗಂಡಸರ ಉಣ್ಣೆಯ ಕಾಲುಚೀಲ ಹಾಕಿಕೊಂಡು ಬಬಲೇಶ್ವರದಲ್ಲಿ ಬಸ್ಸಿನಿಂದ ಇಳಿದವಳು ನಾನೇ. ಊರು ನಕ್ಕಿತು. ನಗಲಿ, ಬೆರಳು ನನ್ನವು. ಇದು ಎಪ್ಪತ್ತರ ದಶಕದ ಮಾತು. ಕೈಗೆ ಹಾಕುವಂಥದ್ದೇ ಸಿಗುತ್ತದೇನೋ ಎಂದು ವಿಜಾಪುರದ ಪೇಟೆಯಲ್ಲಿ ಕೇಳಿದ್ದೆ. "ನೆತ್ತಿ ಸುಡೂ ಊರಾಗ ಅದನ್ನ ಯಾರು ಮಾರ್ತಾರ್ರಿ?" ಎಂದ ಅಂಗಡಿಯವನು ಕಾಲುಚೀಲ ಕೊಟ್ಟು ಕಳಿಸಿದ್ದ.

ಮೊದಲಿನಿಂದ ಹೇಳುತ್ತೇನೆ. ನನ್ನ ತವರು ತಿಕೋಟಾ. ಮದುವೆಯಾಗಿ ಬಬಲೇಶ್ವರಕ್ಕೆ ಬಂದು ಕೆಲವು ವರ್ಷಗಳಾಗಿದ್ದರೂ ಮನೆಯಲ್ಲಿ ನನ್ನ ಕೂಸಿನ ತೊಟ್ಟಿಲು ತೂಗಿರಲಿಲ್ಲ. ಅದರ ನೋವು ಎಷ್ಟಿತ್ತೆಂದು ಇಲ್ಲಿ ಬಿಡಿಸಿ ಹೇಳುವುದಿಲ್ಲ. ಇತ್ತು. ಒಂದು ಚಳಿಗಾಲದ ಬೆಳಿಗ್ಗೆ ಬಾವಿಯ ನೀರಿನಲ್ಲಿ ಪಾತ್ರೆ ತಿಕ್ಕುತ್ತಿದ್ದಾಗ ಬೆರಳುಗಳು ತುದಿಯಿಂದ ಬೆಳ್ಳಗಾಗುತ್ತ ಬಂದವು, ಸುಣ್ಣದಲ್ಲಿ ಅದ್ದಿದ ಹಾಗೆ. ಆಮೇಲೆ ನೀಲಿಯಾದವು. ಒಲೆಯ ಮುಂದೆ ಹಿಡಿದರೆ ಕೆಂಪೇರಿ, ಅಳು ಬರುವಷ್ಟು ಉರಿದವು. ಅಂದಿನಿಂದ ದಿನವೂ ಹೀಗೇ ಆಗತೊಡಗಿತು.

ಅತ್ತೆ ಕೆಟ್ಟವರಲ್ಲ. ಆದರೆ ನಮ್ಮ ಕಡೆ ಬಿಸಿಲಿಗೆ ಹೆದರುವವರು ಉಂಟು, ತಂಪಿಗೆ ಹೆದರಿದವರನ್ನು ಯಾರೂ ಕಂಡಿಲ್ಲ. ಉರಿ ಎಂದರೆ ಉಷ್ಣ, ಅಷ್ಟೆ. "ಮೈಯಾಗ ಉಷ್ಣ ಭಾಳ ಆಗೇತಿ ಬೇ. ಅದಕ್ಕ ಕೂಸೂ ನಿಲ್ಲವಲ್ದು" ಎಂದು ಅವರು ನನ್ನ ಎರಡು ಕಷ್ಟಕ್ಕೂ ಒಂದೇ ಮದ್ದು ಹುಡುಕಿದರು. ಮದರಂಗಿ ಸೊಪ್ಪು ಅರೆದು ಬೆರಳಿಗೆ ದಪ್ಪಗೆ ಮೆತ್ತಿ, ಮೇಲೆ ಔಡಲ ಎಲೆ ಸುತ್ತಿ ಕಟ್ಟಿದರು. ಆ ತಂಪಿಗೆ ಬೆರಳು ಮರಗಟ್ಟಿದವು. ಬೆಳಿಗ್ಗೆ ತೊಳೆದರೆ ಚಂದದ ಕೆಂಪು. ಕೆಂಪಿನ ಕೆಳಗೆ ತುದಿ ಕಪ್ಪಾಗುತ್ತಿದ್ದದ್ದು ಅವರಿಗೂ ಕಾಣಲಿಲ್ಲ, ನನಗೂ ಕಾಣಲಿಲ್ಲ. ತೋರುಬೆರಳಿನ ತುದಿಯಲ್ಲಿ ಹುಣ್ಣು ಬಾಯಿಬಿಟ್ಟಿತು. ಹುಣ್ಣಿಗೆ ಮತ್ತಷ್ಟು ಮದರಂಗಿ ಬಿತ್ತು. ಬರಬರುತ್ತ ಬೆರಳಿನ ಚರ್ಮ ಬಿಗಿದು ಉಂಗುರ ಅಲ್ಲಾಡದಂತಾಯಿತು.

ಆಗ ಓಣಿಯಲ್ಲಿ ಒಂದು ಮಾತು ಎದ್ದಿತು: ಮಹಾರೋಗ. ಕುಷ್ಠಕ್ಕೆ ನಮ್ಮ ಕಡೆ ಆ ಹೆಸರು. ನನ್ನ ತಾಟು ಬೇರೆಯಾಯಿತು, ಚರಿಗೆ ಬೇರೆಯಾಯಿತು. ನಾನು ಬಡಿದ ರೊಟ್ಟಿ ಎಮ್ಮೆಗೆ ಹೋಗತೊಡಗಿತು. ಅತ್ತೆ ಬಡಿದ ರೊಟ್ಟಿಯನ್ನು ಗಂಡ ತಲೆ ಬಗ್ಗಿಸಿ ಉಂಡು ಎದ್ದು ಹೋಗುತ್ತಿದ್ದರು. ಎಮ್ಮೆಗಾದರೂ ರುಚಿ ಗೊತ್ತಿತ್ತು.

ಸುದ್ದಿ ಕೇಳಿ ತಿಕೋಟಾದಿಂದ ಅವ್ವ ಬಂದಳು, ನನ್ನನ್ನು ವಿಜಾಪುರದ ದವಾಖಾನೆಗೆ ಕರೆದೊಯ್ದಳು. ಡಾಕ್ಟರು ಮೈಮೇಲೆ ಮಚ್ಚೆ ಹುಡುಕಿದರು, ಅಲ್ಲಲ್ಲಿ ಸೂಜಿ ಚುಚ್ಚಿದರು. ನಾನು ಚೀರಿದೆ. "ಚುಚ್ಚಿದ್ದು ಇಷ್ಟು ಗೊತ್ತಾಗತೈತಲ್ಲ, ಇದು ಮಹಾರೋಗ ಅಲ್ಲ ತಾಯಿ" ಎಂದರು. ಅವ್ವ ಅಲ್ಲೇ ನೆಲಕ್ಕೆ ಕುಸಿದು ಕೂತು ಅತ್ತಳು.

"ಹಂಗಾರ ಇದೇನ್ರಿ?" ಎಂದು ನಾನೇ ಕೇಳಿದೆ.

"ಬೆರಳಾಗಿನ ಸಣ್ಣ ರಕ್ತನಾಳ ಕೆಟ್ಟಾವ. ಒಳಗಿನ ಗ್ವಾಡಿ ದಪ್ಪ ಆಗಿ ರಕ್ತ ಹೋಗೂ ದಾರಿ ಕಿರಿದಾಗೇತಿ. ತಂಪು ಹತ್ತಿದ ಕೂಡ್ಲೆ ಪೂರಾ ಮುಚ್ಚತೈತಿ. ರಕ್ತ ಮುಟ್ಟಲಿಲ್ಲಂದ್ರ ತುದಿ ಸಾಯತೈತಿ."

ಚರ್ಮ ಗಟ್ಟಿಯಾಗುವುದೂ ಇದೇ ರೋಗದ ಕೆಲಸ, ಪೂರ್ತಿ ಗುಣ ಮಾಡುವ ಔಷಧ ತಮ್ಮಲ್ಲಿಲ್ಲ ಎಂದೂ ಮುಚ್ಚುಮರೆಯಿಲ್ಲದೆ ಹೇಳಿದರು. ಹುಣ್ಣಿಗೆ ಪಟ್ಟಿ ಕಟ್ಟಿಸಿ, ತಣ್ಣೀರು ಮುಟ್ಟಬೇಡ, ಮದರಂಗಿ ಬಿಡು, ಕೈ ಸದಾ ಬೆಚ್ಚಗಿರಲಿ, ಇಲ್ಲದಿದ್ದರೆ ಉಳಿದ ಬೆರಳೂ ಹೋಗುತ್ತವೆ ಎಂದರು.

ಹೊರಗೆ ಬಂದ ಮೇಲೆ ಅವ್ವ, "ತಿಕೋಟಾಕ್ಕ ನಡಿ ಯವ್ವಾ. ಅಲ್ಲಿ ನಿನಗ ಯಾರೂ ತಣ್ಣೀರು ಮುಟ್ಟಾಕ ಹಚ್ಚಂಗಿಲ್ಲ" ಎಂದಳು. ನನಗೆ ಸಿಟ್ಟು ನೆತ್ತಿಗೇರಿತು. ಈಗ ತವರು ಸೇರಿದರೆ ಓಣಿಯವರ ಮಾತೇ ನಿಜವಾದಂತೆ. ಬೆರಳೂ ಬೇಕು, ಮನೆಯೂ ಬೇಕು. "ನಾ ಬಬಲೇಶ್ವರಕ್ಕ ಹೊಂಟೇನಿ" ಎಂದೆ. ಕಾಲುಚೀಲ ಕೊಂಡದ್ದು ಆಗಲೇ.

ಮನೆಗೆ ಬಂದು ಅತ್ತೆಗೆ ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದೆ. ನಾಳ, ಗೋಡೆ, ದಾರಿ. ಒಂದೂ ಅವರ ತಲೆಗೆ ಹೋಗಲಿಲ್ಲ. ಕೊನೆಗೆ, ಇನ್ನು ಮುಂದೆ ನನಗೆ ಎಲ್ಲದಕ್ಕೂ ಬಿಸಿನೀರೇ ಬೇಕು ಎಂದೆ.

"ದಿನಾ ಬಿಸಿನೀರು! ನೀ ಏನ್ ಬಾಣಂತಿ ಏನ್ ಬೇ?"

ಪಡಸಾಲೆಯಲ್ಲಿ ಕೂತಿದ್ದ ಪಕ್ಕದ ಮನೆಯ ಮುದುಕಿ ಕಿಸಕ್ಕನೆ ನಕ್ಕಳು. ಅತ್ತೆಗೂ ತಾವು ಆಡಿದ ಮಾತು ಹೆಚ್ಚಾಯಿತೆನಿಸಿರಬೇಕು, ಮುಖ ತಿರುಗಿಸಿದರು. ಆ ಗಳಿಗೆಯಲ್ಲೇ ನನಗೆ ದಾರಿ ಕಂಡಿತು.

"ಹೌದ್ರಿ ಅತ್ತಿ, ಬಾಣಂತಿನ. ಇವತ್ತಿಂದ ಹಂಗ ತಿಳೀರಿ."

ಮುಂದೆ ನಾದಿನಿಯ ಬಾಣಂತನಕ್ಕೆ ಬೇಕಾದೀತೆಂದು ಅಟ್ಟದ ಮೇಲಿಟ್ಟಿದ್ದ ಶೇಗಡಿ ಇಳಿಸಿ, ಆ ಅಗ್ಗಿಷ್ಟಿಕೆಗೆ ಕೆಂಡ ತುಂಬಿದೆ. ಕಿವಿ ಮುಚ್ಚುವಂತೆ ತಲೆಗೆ ಅರಿವೆ ಕಟ್ಟಿದೆ. ನಾನೇ ಸೌದೆ ಒಟ್ಟಿ ಹಂಡೆಯಲ್ಲಿ ನೀರು ಕಾಯಿಸಿದೆ. ರಕ್ತನಾಳ ಅರ್ಥವಾಗದ ಮನೆಗೆ ಬಾಣಂತಿ ಅರ್ಥವಾದಳು. ಬಾಣಂತಿ ತಣ್ಣೀರು ಮುಟ್ಟಬಾರದು, ಗಾಳಿಗೆ ಹೋಗಬಾರದು, ಬೆಂಕಿಯ ಹತ್ತಿರ ಇರಬೇಕು. ಇದನ್ನು ನಮ್ಮಲ್ಲಿ ಯಾರಿಗೂ ಕಲಿಸಬೇಕಿಲ್ಲ. ಅತ್ತೆ ಬಾಯಿ ತುಂಬ ಬೈದರು. ಆದರೆ ತಣ್ಣೀರಿನ ಕೊಡವನ್ನು ನನ್ನ ಮುಂದೆ ಮತ್ತೆ ಇಡಲಿಲ್ಲ.

ತೋರುಬೆರಳಿನ ತುದಿ ಉಳಿಯಲಿಲ್ಲ. ಕಪ್ಪಾಗಿ, ಒಣಗಿ, ಒಂದು ದಿನ ಉದುರಿಹೋಯಿತು. ಹುಣ್ಣು ಪೂರ್ತಿ ಮಾಯ್ದ ಮೇಲೆ ಮತ್ತೆ ರೊಟ್ಟಿ ಬಡಿಯಲು ಕೂತೆ. ಜೋಳದ ಹಿಟ್ಟಿಗೆ ಹೇಗೂ ಕುದಿಯುವ ಎಸರೇ ಬೇಕು. ನನ್ನ ತಾಟನ್ನು ತಂದು ಎಲ್ಲರ ತಾಟಿನ ನಡುವೆ ಇಟ್ಟೆ. ಯಾರೂ ಎತ್ತಿಡಲಿಲ್ಲ. ಒಂದು ಮಧ್ಯಾಹ್ನ ಗಂಡ ನನ್ನ ಬುಟ್ಟಿಯಿಂದ ರೊಟ್ಟಿ ತೆಗೆದುಕೊಂಡರು. ಅಂದು ಎಮ್ಮೆಗೆ ಒಂದು ರೊಟ್ಟಿ ಕಡಿಮೆಯಾಯಿತು.

ಮುಂದಿನ ಚಳಿಗಾಲಕ್ಕೆ ನಾದಿನಿ ಹೆರಿಗೆಗೆ ಬಂದಳು, ಗಂಡು ಹಡೆದಳು. ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಓಣಿಯ ಹೆಂಗಸರೆಲ್ಲ ಕೂಡಿದ್ದರು. ಎತ್ತಿಕೊಳ್ಳಬೇಕೆಂದು ನಾನು ಹತ್ತಿರ ಹೋದೆ. ಪಕ್ಕದ ಮನೆಯ ಅದೇ ಮುದುಕಿ ಅಡ್ಡ ಕೈ ಚಾಚಿದಳು.

"ಆ ಕೈಲೆ ಮುಟ್ಟಬ್ಯಾಡ. ಕೂಸಿಲ್ಲದ ಬಾಣಂತಿ, ನಿನಗ ಯಾಕ ಬೇಕು ತೊಟ್ಟಿಲ ಸುದ್ದಿ?"

ನಾನು ಎರಡೂ ಕಾಲುಚೀಲ ಕಳಚಿ, ಬಿಗಿದ ಬೆರಳುಗಳನ್ನು ಆದಷ್ಟು ಅಗಲಿಸಿ ಅವಳ ಮುಖದ ಮುಂದೆ ಹಿಡಿದೆ.

"ಯಾರಂದ್ರು ಕೂಸಿಲ್ಲಂತ? ಎಣಿಸ್ರಿ ಆಯಿ. ಹತ್ತು. ಈ ಓಣ್ಯಾಗ ನನ್ನಷ್ಟು ಮಕ್ಕಳ್ನ ಯಾರು ಸಾಕ್ಯಾರ? ಒಂದಕ್ಕ ಜಡ್ಡಾತು, ಉಳಿಸ್ಕೊಳ್ಳಾಕ ಆಗಲಿಲ್ಲ. ಉಳದವನ್ನ ನಾ ಬಿಟ್ಟುಕೊಡಂಗಿಲ್ಲ."

ಯಾರೂ ನಗಲಿಲ್ಲ. ಬಾಗಿಲಿನಿಂದ ಗಾಳಿ ಬೀಸುತ್ತಿತ್ತು, ಬೆರಳುಗಳು ಎಲ್ಲರ ಕಣ್ಣೆದುರೇ ಬೆಳ್ಳಗಾಗತೊಡಗಿದವು. ಅತ್ತೆ ತೊಟ್ಟಿಲ ಹಗ್ಗ ಬಿಟ್ಟು ಎದ್ದು ಬಂದರು. ನನ್ನ ಎರಡೂ ಕೈಗಳನ್ನು ಹಿಡಿದು ತಮ್ಮ ಸೆರಗಿನಲ್ಲಿ ಸುತ್ತಿದರು.

"ಮುಚ್ಚು ಬೇ," ಎಂದರು. "ಕೂಸುಗಳಿಗೆ ಗಾಳಿ ಹತ್ತತೈತಿ."