ಎಡಗಿವಿಗೆ ಕೇಳಿಸಿದ್ದು

ನನ್ನನ್ನು ಆರಿಸಿದ್ದು ಭುಜದ ಅಳತೆ ನೋಡಿ ಎಂಬ ಅನುಮಾನ ಮೊದಲ ದಿನವೇ ಬಂದಿತ್ತು. ಅಥವಾ ಈಗ ಬರೆಯುವಾಗ ಬಂದು, ಹಿಂದಕ್ಕೆ ಹೋಗಿ ಕೂತಿದೆ. ಯಾವುದೆಂದು ಹೇಳಲಾರೆ.

ಹಾರ್ಬೋರ್ನ್‌ನ ನಾಲ್ವರು ಕನ್ನಡದ ಡಾಕ್ಟರುಗಳು ಪ್ರತಿ ದೀಪಾವಳಿ ಕಾರ್ಯಕ್ರಮದಲ್ಲಿ ಅಮೆರಿಕದ ಒಂದು ಹಳೆಯ ಗುಂಪಿನ ಹಾಡುಗಳನ್ನು ಹಾಡುತ್ತಿದ್ದರು. ಆ ಗುಂಪಿನದೂ ನಾಲ್ಕೇ ಗಂಡಸರು, ಒಂದೇ ಬಣ್ಣದ ಕೋಟು. ಒಬ್ಬ ತನ್ನ ಪ್ರೇಮದ ಸಂಕಟ ತೋಡಿಕೊಂಡರೆ ಉಳಿದ ಮೂವರು ಹಿಂದೆ ನಿಂತು 'ಊ' ಎಂದು ಒಪ್ಪಿಗೆ ಕೊಡುತ್ತಾರೆ. ನಮ್ಮ ನಾಲ್ವರಲ್ಲಿ ಮಕ್ಕಳ ಡಾಕ್ಟರು ನಿವೃತ್ತರಾಗಿ ಮಗಳ ಹತ್ತಿರ ಆಸ್ಟ್ರೇಲಿಯಾಕ್ಕೆ ಹೋದರು. ಅವರ ನೀಲಿ ಕೋಟು ಇಲ್ಲೇ ಉಳಿಯಿತು. ಮ್ಯಾಂಚೆಸ್ಟರ್ ಪಕ್ಕದ ಸಾಲ್ಫರ್ಡ್‌ನಿಂದ ಗೆಳೆಯನ ಮನೆಗೆ ಬಂದಿದ್ದ ನನಗೆ ಅದನ್ನು ತೊಡಿಸಿ ನೋಡಿದರು. ಸರಿಹೋಯಿತು. ಹಾಡಲು ಬರುತ್ತದೆಯೇ ಎಂದು ಯಾರೂ ಕೇಳಲಿಲ್ಲ.

ಮುಖ್ಯ ಗಾಯಕರು ಹಿರಿಯ ಡಾಕ್ಟರು, GP, ಅಂದರೆ ಫ್ಯಾಮಿಲಿ ಡಾಕ್ಟರಾಗಿದ್ದು ನಿವೃತ್ತರಾದವರು. ಥೈರಾಯ್ಡ್ ಆಪರೇಷನ್ ಆದ ಮೇಲೆ ನರಕ್ಕೆ ಪೆಟ್ಟಾಗಿ ಅವರ ಗಂಟಲಿನ ಒಂದು ಧ್ವನಿತಂತು ಅಲುಗಾಡುತ್ತಿರಲಿಲ್ಲ, ಪಿಸುಮಾತಷ್ಟೇ ಉಳಿದಿತ್ತು. ಕಸರತ್ತು ಮಾಡಿದರೆ ಧ್ವನಿ ತಿರುಗಿ ಬರಬಹುದು ಎಂದು ಥೆರಪಿಸ್ಟ್ ಹೇಳಿದ್ದರು. ಎರಡು ಸಲ ಹೋಗಿ, ಮಿಕ್ಕ ಅಪಾಯಿಂಟ್‌ಮೆಂಟುಗಳನ್ನೆಲ್ಲ ಇವರೇ ರದ್ದು ಮಾಡಿಸಿದ್ದರು.

"ಸತ್ತ ನರಕ್ಕೆ ಜಿಮ್ ಯಾಕೆ?" ಎನ್ನುತ್ತಿದ್ದರು ಪಿಸುದನಿಯಲ್ಲಿ.

"ಸತ್ತಿದೆ ಅಂತ ನೀವೇ ಸರ್ಟಿಫಿಕೇಟ್ ಬರ್ಕೊಂಡ್ರೆ ಆಯ್ತಾ?" ಎನ್ನುತ್ತಿದ್ದರು ಅವರ ಹೆಂಡತಿ. ಆ ಮನೆಯಲ್ಲಿ ನಡೆಯುತ್ತಿದ್ದ ಜಗಳ ಅದೊಂದೇ. ಫೋನಿನಲ್ಲಿ ಮೊಮ್ಮಗಳಿಗೆ ತಾತನ ಮಾತು ಕೇಳಿಸುತ್ತಿರಲಿಲ್ಲ. "ಇಸ್ ಹಿ ದೇರ್?" ಎಂದು ಅವಳು ಅಜ್ಜಿಯನ್ನು ಕೇಳುತ್ತಿದ್ದಳಂತೆ.

ಇಂಥವರು ಹೇಗೆ ಹಾಡುತ್ತಾರೆ? ಕೇಳಿದರೆ ಉಳಿದಿಬ್ಬರು, ಅರಿವಳಿಕೆ ಡಾಕ್ಟರು ಮತ್ತು ಮೂಳೆ ಡಾಕ್ಟರು, ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪ್ರಾಕ್ಟೀಸಿಗೆ ದಿನ ಗೊತ್ತುಮಾಡಲಿಲ್ಲ. ಡಾಕ್ಟರುಗಳು ರೋಗಿಯ ಮುಂದೆ ಹೀಗೆ ಸುಮ್ಮನಾದರೆ ರಿಪೋರ್ಟು ಚೆನ್ನಾಗಿಲ್ಲವೆಂದೇ ಅರ್ಥ.

ಅಷ್ಟರಲ್ಲಿ ಆ ಅಮೆರಿಕದ ಗುಂಪೇ ಮ್ಯಾಂಚೆಸ್ಟರಿಗೆ ಬಂತು. ಹಿರಿಯರು ಟಿಕೆಟ್ ತೆಗೆದು ನನ್ನನ್ನು ಕರೆದರು. ಕಾರಿನಲ್ಲಿ ಕಿವಿಯನ್ನು ಅವರ ಕಡೆ ವಾಲಿಸಿ ಆ ಗುಂಪಿನ ಚರಿತ್ರೆ ಕೇಳಿದೆ. ಪ್ರತಿಧ್ವನಿ ಚೆನ್ನಾಗಿದೆಯೆಂದು ಶಾಲೆಯ ಮೆಟ್ಟಿಲ ಕೆಳಗೆ ಹಾಡತೊಡಗಿದ ಹುಡುಗರು. ಕೆಲವು ವರ್ಷ ಊರೆಲ್ಲ ಅವರದೇ ಹಾಡು. ಆಮೇಲೆ ಗಿಟಾರಿನ ಹುಡುಗರು ಬಂದರು, ಇವರು ಹಳಬರಾದರು.

"ಅಲ್ಲಿ ಬಿದ್ದೋದ್ಮೇಲೆ ಅನ್ನ ಹಾಕಿದ್ದು ಈ ಮ್ಯಾಂಚೆಸ್ಟರ್ ಕಡೆ ನಾರ್ತಿನ ಕ್ಲಬ್ಬುಗಳು ಕಣಯ್ಯ. ಜನ ಚಿಕನ್ ತಿಂತಿದ್ರು, ಇವರು ಹಾಡ್ತಿದ್ರು." ಎಲ್ಲವನ್ನೂ ಕಣ್ಣಾರೆ ಕಂಡವರಂತೆ ಹೇಳಿದರು. ಇವರು ಈ ದೇಶಕ್ಕೆ ಬಂದದ್ದೇ ಆ ಕ್ಲಬ್ಬುಗಳು ಮುಚ್ಚಿದ ಮೇಲೆ ಎಂದು ನನ್ನ ಲೆಕ್ಕ.

ವೇದಿಕೆಯ ಮೇಲೆ ಮೂಲದವನು ಒಬ್ಬನೇ, ಎತ್ತರದ ಸ್ಟೂಲಿನಲ್ಲಿ. ಉಳಿದವರಲ್ಲಿ ಇಬ್ಬರು ಸತ್ತಿದ್ದರು, ಒಬ್ಬ ಮುನಿಸಿಕೊಂಡು ಹೋಗಿದ್ದ; ಈಗಿನ ಮೂವರು ಆ ಹಾಡುಗಳು ಹಳತಾದ ಮೇಲೆ ಹುಟ್ಟಿದವರು. ಕೋಟು ಮಾತ್ರ ಚೂರೂ ಬದಲಾಗಿರಲಿಲ್ಲ. ಮುದುಕ ನೀರು ಕುಡಿಯಲು ಮೈಕ್ ಇಳಿಸಿದ. ಧ್ವನಿ ನಿಲ್ಲಲಿಲ್ಲ.

"ಸರ್, ನೋಡಿದ್ರಾ?"

"ನೋಡ್ದೆ. ಸುಮ್ನಿರು."

"ಟೇಪ್ ಅದು."

"ಹೂಂನಯ್ಯ, ಟೇಪೇ. ಬಂದು ಕೂತಿದಾನಲ್ಲ!"

ನನಗೆ ಮೋಸ ಹೋದಂತಾಗಿತ್ತು. ಅವರು ಕಾರ್ ಪಾರ್ಕಿನವರೆಗೂ ಹುರುಪಿನಿಂದ ನಡೆದರು. ಆಗಲೇ ಊಹಿಸಬೇಕಿತ್ತು.

ಹಾರ್ಬೋರ್ನ್‌ಗೆ ಸಮೀಪದ ಟಿವಿಡೇಲ್‌ನ ದೇವಸ್ಥಾನಕ್ಕೆ ಹತ್ತಿರದ ಒಂದು ಹಾಲ್‌ನಲ್ಲಿ ದೀಪಾವಳಿ. ಪರದೆಯ ಹಿಂದೆ ಮಂಗಳೂರಿನ ಮೂಳೆ ಡಾಕ್ಟರು ನನ್ನ ಕಾಲರ್ ಸರಿಮಾಡುತ್ತ ಹೇಳಿದರು: "ಹಾಡ್ಲಿಕ್ಕೆ ಹೋಗ್ಬೇಡ ಮಾರಾಯಾ. ರೆಕಾರ್ಡ್ ಹಾಕ್ತಾರೆ, ಮೈಕ್ ಆಫ್. ಬಾಯಿ ಆಡ್ಸು, ಮೀನಿನ ಹಾಗೆ."

"ಮೂರು ವಾರ ಟ್ರಾಮಿನ್ಯಾಗ ಪ್ರಾಕ್ಟೀಸ್ ಮಾಡೇನ್ರಿ!" ಸಿಟ್ಟು ಬಂದರೆ ನನ್ನ ಬೆಂಗಳೂರು ಕನ್ನಡ ಕಳಚಿ ಧಾರವಾಡ ಹೊರಬೀಳುತ್ತದೆ.

"ಪಾಪ, ಟ್ರಾಮಿನವರು."

ಹಾಡು ಶುರುವಾಯಿತು. ಹಿರಿಯರು ನನ್ನ ಎಡಕ್ಕೆ. ಎರಡನೆಯ ಚರಣದಲ್ಲಿ, ರೆಕಾರ್ಡಿನ ಗಾಯಕ ಉಸಿರು ತೆಗೆದುಕೊಂಡ ಕಡೆ, ನನ್ನ ಎಡಗಿವಿಗೆ ಒಂದು ಸದ್ದು ಕೇಳಿಸಿತು. ತುಕ್ಕು ಹಿಡಿದ ತೆಳ್ಳನೆಯ ಸದ್ದು, ರೆಕಾರ್ಡಿಗಿಂತ ಅರೆಗಳಿಗೆ ಹಿಂದೆ. ಪಿಸುಮಾತಿಗೆ ಸ್ವರವಿರುವುದಿಲ್ಲ, ಇದಕ್ಕಿತ್ತು. ತಿರುಗಿ ನೋಡಿದೆ, ಅವರ ಕತ್ತಿನ ನರ ಉಬ್ಬಿತ್ತು.

ಹೀಗೆಂದು ನನ್ನ ನೆನಪು. ಮಾರನೆಯ ದಿನ ವಾಟ್ಸಾಪಿಗೆ ಬಂದ ವಿಡಿಯೋದಲ್ಲಿ ಇರುವುದು ರೆಕಾರ್ಡು ಮತ್ತು ಯಾರದೋ ಮಗುವಿನ ಅಳು. ನಾನು ಎಡಕ್ಕೆ ತಿರುಗಿಯೇ ಇಲ್ಲ. ಉದ್ದಕ್ಕೂ ಚಾವಣಿ ನೋಡುತ್ತಿದ್ದೇನೆ. ಕತ್ತಿನ ನರವನ್ನು ಎಲ್ಲಿಂದ ತಂದೆ?

ಆದರೆ ವಿಡಿಯೋ ಬಂದದ್ದು ಮಾರನೆಯ ದಿನ. ಆವತ್ತು ಊಟದ ಸಾಲಿನಲ್ಲಿ ಜನ ಹಿರಿಯರ ಕೈ ಕುಲುಕುತ್ತಿದ್ದರು. "ಡಾಕ್ಟ್ರೇ, ವಾಯ್ಸ್ ಫುಲ್ ವಾಪಸ್!" ಅವರು ವಿನಯದಿಂದ ಗಂಟಲು ಮುಟ್ಟಿಕೊಳ್ಳುತ್ತಿದ್ದರು, ಕಳ್ಳ. ಅವರ ಹೆಂಡತಿ ಬಿಸಿಬೇಳೆಬಾತಿನ ತಟ್ಟೆ ಹಿಡಿದು ನೇರ ನನ್ನ ಹತ್ತಿರ ಬಂದರು.

"ರೆಕಾರ್ಡು ಅಂತ ಗೊತ್ತು ನನಗೆ, ನಾಟಕ ಬೇಡ. ಅವರ ಪಕ್ಕದಲ್ಲಿ ನೀನೇ ನಿಂತಿದ್ದಿ. ಒಂದೇ ಒಂದು ಸ್ವರ ಬಂತಾ?"

ಹಿರಿಯರು ಹತ್ತಡಿ ದೂರದಿಂದ ನನ್ನನ್ನೇ ನೋಡುತ್ತಿದ್ದರು, ತಲೆ ಸಣ್ಣಗೆ ಅಡ್ಡ ಆಡಿಸುತ್ತ. ಇಲ್ಲ ಎಂದರೆ ಆ ನರ ಸತ್ತೇ ಇರುತ್ತದೆ, ಇವರು ನೆಮ್ಮದಿಯಾಗಿ ಮೀನಿನ ಹಾಗೆ ಬಾಯಿ ಆಡಿಸಿಕೊಂಡಿರುತ್ತಾರೆ. ನನ್ನ ಕಿವಿಯ ಮೇಲೆ ನನಗೇ ಭರವಸೆಯಿಲ್ಲ. ಹಾಡಿನ ನಡುವೆ ಹಾಲ್‌ನ ಹೀಟರೂ ಹಾಗೆ ಕಿರುಗುಟ್ಟಬಹುದು.

"ಬಂತು ಆಂಟಿ," ಎಂದೆ. "ಎರಡನೇ ಚರಣದಾಗ. ಸ್ವಲ್ಪ ಲೇಟಾಗಿ ಬಂತು."

"ಲೇಟಾ?"

"ಅರ್ಧ ಸೆಕೆಂಡ್."

ಆ ಅರ್ಧ ಸೆಕೆಂಡನ್ನು ಅವರು ನಂಬಿದರು. ತಟ್ಟೆಯನ್ನು ನನ್ನ ಕೈಗೆ ತುರುಕಿ ಗಂಡನ ಕಡೆ ನಡೆದರು.

"ಸೋಮವಾರ ನಾನೇ ಥೆರಪಿಗೆ ಫೋನ್ ಮಾಡ್ತೀನಿ. ಸಾಕ್ಷಿ ಇದೆ."

ಹಿರಿಯರು ನನ್ನತ್ತ ಬೆರಳು ತೋರಿಸಿ ಏನೋ ಅಂದರು. ಆ ಗದ್ದಲದಲ್ಲಿ ಒಂದಕ್ಷರವೂ ಕೇಳಿಸಲಿಲ್ಲ.

"ಏನು? ಜೋರಾಗಿ ಹೇಳಿ," ಎಂದರು ಹೆಂಡತಿ.