ಸೀಳು ಹುಡುಕುತ್ತಿದ್ದ ಸುನಂದಾ ಟೀಚರ್

ಸುನಂದಾ ಟೀಚರ್ ಮಾತಾಡುತ್ತಲೇ ಗೋಡೆಯ ಬಿರುಕಿಗೆ ಬೆರಳು ತೂರಿಸುತ್ತಿದ್ದರು. ಧಾರವಾಡದ ನನ್ನ ಹಾರ್ಡ್‌ವೇರ್ ಅಂಗಡಿಗೆ ಬಂದರೆ ಕುರ್ಚಿ ಕೊಟ್ಟರೂ ಕೂರರು. ಕಂಬಕ್ಕೂ ಗೋಡೆಗೂ ನಡುವಿನ ಸಂದಿಯಲ್ಲಿ ಮುಷ್ಟಿಯಿಟ್ಟು ತಿರುವಿ ನೋಡುವರು. ಸಪ್ತಾಪುರದಲ್ಲಿ ಬಾಡಿಗೆ ಕೋಣೆ, ಕಾಲೇಜಿನಲ್ಲಿ ಆಟ ಕಲಿಸುವ ಕೆಲಸ, ರಜೆ ಬಂತೆಂದರೆ ಬಾದಾಮಿಯ ಬಂಡೆ ಏರುವುದು.

ಒಮ್ಮೆ ಆ ಸಂದಿಗೆ ಒಂದು ಸಾಧನ ತೂರಿಸಿದರು. ಹೆಸರು ಕ್ಯಾಮ್; ಬಂಡೆ ಏರುವವರು ಸೀಳಿಗೆ ಸಿಕ್ಕಿಸಿ ಅದಕ್ಕೆ ಹಗ್ಗ ಹಾಕುತ್ತಾರೆ, ಕೈ ಜಾರಿದರೆ ಅದೇ ತಡೆಯಬೇಕು. ಹಿಡಿಯ ತುದಿಯಲ್ಲಿ ನಾಲ್ಕು ಅಲ್ಯುಮಿನಿಯಂ ಬಿಲ್ಲೆ. ಕೊಕ್ಕೆ ಎಳೆದರೆ ಮುದುಡುತ್ತವೆ, ಬಿಟ್ಟರೆ ಅರಳಿ ಎರಡೂ ಬದಿಗೆ ಆತುಕೊಳ್ಳುತ್ತವೆ.

“ಎಳೀರಿ ಸಾವ್ಕಾರ್ರ.”

ಎಳೆದೆ. ಜೋತುಬಿದ್ದೆ. ಅಲುಗಲಿಲ್ಲ.

“ನೀವು ಕೆಳಗ ಎಳದಷ್ಟೂ ಬಿಲ್ಲಿ ತಿರುಗಿ ಗ್ವಾಡಿಗೆ ಜೋರ್ ಒತ್ತತಾವ. ನಿಮ್ಮ ಭಾರನ ನಿಮ್ಮನ್ನ ಹಿಡಿತೈತಿ.”

ವಿದೇಶದ ಮಾಲು. ಬೆಲೆ ಕೇಳಿ ನನಗೆ ತಡೆಯಲಾಗಲಿಲ್ಲ. “ಹುಬ್ಬಳ್ಳ್ಯಾಗ ನಮ್ಮ ಲೇಥಿನವ ಇಂಥಾವು ಎಷ್ಟರ ಮಾಡಿ ಒಗಿತಾನ, ತಡೀರಿ,” ಎಂದು ಒಂದನ್ನು ಮಾಡಿಸಿಯೇ ಬಿಟ್ಟೆ. ಟೀಚರ್ ಅದನ್ನು ಅದೇ ಸಂದಿಯಲ್ಲಿ ಮೊಣಕಾಲೆತ್ತರಕ್ಕೆ ಸಿಕ್ಕಿಸಿ, ಅದರ ಪಟ್ಟಿಯಲ್ಲಿ ಕಾಲಿಟ್ಟು ನಿಂತರು. ಸರಕ್ಕನೆ ಜಾರಿ ಬಂತು.

“ಚಕ್ರದಂಗ ಗುಂಡಗ ಕಡದಾನ. ಇದು ಶಂಖದ ಸುತ್ತಿನಂಗ ಅಗಲಾಗ್ತಾ ಹೋಗಬೇಕ್ರಿ. ಸೀಳು ಸಣ್ಣದಿರಲಿ ದೊಡ್ಡದಿರಲಿ, ಒಂದ ಕೋನದಾಗ ಒತ್ತಬೇಕು. ಇದನ್ನ ಬಾಗಲಕ್ಕ ಒತ್ತು ಕೊಡಾಕ ಇಟ್ಕೋರಿ, ಛಲೋ ಐತಿ.”

ನಿಮಗೂ ಹೇಳುತ್ತೇನೆ: ಜೀವ ತೂಗುಹಾಕುವ ಸಾಮಾನಿನಲ್ಲಿ ಚೌಕಾಶಿ ಮಾಡಬೇಡಿ, ಉಳಿದದ್ದರಲ್ಲಿ ಬಿಡಬೇಡಿ.

ಆಮೇಲೆ “ನಿಮ್ಮ ತೂಕ ನನಗ ಬೇಕು” ಎಂದು, ಕೆಳಗೆ ನಿಂತು ಹಗ್ಗ ಹಿಡಿಯಲು ನನ್ನನ್ನೇ ಬಾದಾಮಿಗೆ ಒಯ್ಯತೊಡಗಿದರು. ಹೀಗಿರುವಾಗ ಅವರಿಗೆ ಬೇರೆ ಊರಿಗೆ ವರ್ಗವಾಯಿತು. ಹೊರಡುವ ಮುನ್ನ, ಎಷ್ಟೋ ಸಲ ಅರ್ಧಕ್ಕೇ ಬಿಟ್ಟಿದ್ದ ಒಂದು ಸೀಳನ್ನು ಮುಗಿಸಲೇಬೇಕೆಂದು ಏರಿದರು. ಮಳೆ ಬಿದ್ದು ಹೋಗಿತ್ತು, ಬಂಡೆಯ ಮೈ ಮಾತ್ರ ಒಣಗಿತ್ತು. ತುದಿ ಇನ್ನೊಂದಾಳು ಎತ್ತರವಿರುವಾಗ, ಅವರು ಕ್ಯಾಮ್ ಇಟ್ಟ ಸಂದಿಯಿಂದ ಕೆಂಪು ಮರಳು ನನ್ನ ಮುಖಕ್ಕೆ ಉದುರಿತು. ಅಲ್ಲಿಯ ಮರಳುಗಲ್ಲು ಒಳಗೆ ನೆನೆದರೆ ಪುಡಿಯಾಗುತ್ತದೆ. ಬಿಲ್ಲೆಗೆ ಒತ್ತಲು ಗಟ್ಟಿ ಬದಿಯೇ ಸಿಗದು.

“ಒಳಗ ಹಸಿ ಐತ್ರಿ,” ಎಂದರು ಮೇಲಿಂದ.

“ಇಳೀರಿ ಟೀಚರ್ರ.”

“ನಾಳಿ ನಾ ಇರಂಗಿಲ್ಲ.”

“ಕಲ್ಲು ಇರತೈತಿ.”

ತುದಿಯತ್ತ ಒಮ್ಮೆ ನೋಡಿದರು. ಬಳಿಕ ಹಗ್ಗಕ್ಕೆ ಭಾರ ಬಿಡದೆ, ಒಂದೊಂದೇ ಹಿಡಿತ ಹುಡುಕುತ್ತ, ಇಟ್ಟ ಕ್ಯಾಮ್‌ಗಳನ್ನು ಕೀಳುತ್ತ ಇಳಿದರು. ನೆಲ ಮುಟ್ಟಿದವರೇ ನನ್ನನ್ನು ಬೈದರು: “ವ್ಯಾಪಾರಸ್ಥರ ಕೂಡ ಬಂದ್ರ ಹಿಂಗ. ಬ್ಯಾಸಿಗ್ಯಾಗ ಬರ್ತೇನಿ, ತಯಾರಿರ್ರಿ.”

ಬರಲಿಲ್ಲ. ಹೋದೂರಿನಲ್ಲಿ ಕಾಮಾಲೆಯಾಗಿ ತೀರಿಕೊಂಡರು. ಇಲ್ಲಿಯವರೆಲ್ಲ ಬಂಡೆಯಿಂದ ಬಿದ್ದರೆಂದೇ ಮಾತಾಡಿಕೊಳ್ಳುತ್ತಾರೆ. ಈಗಲೂ ಯಾರಾದರೂ ಹಾಗಂದರೆ, ತೂಗುತ್ತಿದ್ದ ಮೊಳೆ ತಕ್ಕಡಿಯಲ್ಲೇ ಬಿಟ್ಟು ಎದ್ದು ಹೊರಬರುತ್ತೇನೆ.

“ಬಿದ್ದಿಲ್ರಿ. ಹಗ್ಗಾ ನನ್ನ ಕೈಯಾಗಿತ್ತು. ಇಳಿದು ಬಂದ್ರು.”